ಕಡೆಯ ಸಾಲಿಗೆ ಸುಮ್ಮನಾಗುವ ಬ್ಯಾಂಡು

ಅಫಜಲಪುರದ ಕುಂಬಾರ ಓಣಿಯಲ್ಲಿ ಇನ್ನೂ ನಸುಕು. ಮದುವೆ ಮನೆಯ ಹೆಂಗಸರು ಶಾಸ್ತ್ರದ ಐರಾಣಿ ಗಡಿಗೆ ಒಯ್ಯಲು ಬಂದಿದ್ದಾರೆ. ಸುಣ್ಣ ಬಳಿದು ಕೆಮ್ಮಣ್ಣಿನ ಚಿತ್ತಾರ ತೆಗೆದ ಹೊಸ ಗಡಿಗೆಗಳು ಒಂದೊಂದಾಗಿ ಸಿಂಬಿಯ ಮೇಲೆ ಏರುತ್ತಿವೆ. ಅವರ ಮುಂದೆ ಒಂಬತ್ತು ಮಂದಿಯ ಬ್ಯಾಂಡು ಸಾಲಾಗಿ ನಿಂತಿದೆ. ಎಲ್ಲರ ಮೈಮೇಲೂ ಕೆಂಪು ಕೋಟು, ಅರ್ಧ ಮಂದಿಯ ಕೋಟಿಗೆ ಗುಂಡಿ ಇಲ್ಲ. ಎಲ್ಲರಿಗಿಂತ ಮುಂದಿರುವ ತೆಳ್ಳನೆಯ ಮನುಷ್ಯ ಕರೀಮಸಾಬ. ವಯಸ್ಸು ಐವತ್ನಾಲ್ಕು, ಊರು ಆಳಂದ, ಕೈಯಲ್ಲಿ ಕರಿಯ ಕ್ಲಾರಿನೆಟ್. ಬಾಯಿಗೆ ತಾಗುವ ಜೊಂಡಿನ ಪತ್ತಿಯನ್ನು ಚಹಾದ ಬಸಿಯಲ್ಲಿ ಅದ್ದಿ, ಒಂದು ಸಲ ಚಪ್ಪರಿಸಿ, ಕೊಳವೆಗೆ ಬಿಗಿಯುತ್ತಾರೆ. ನೀರಿನಲ್ಲಿ ಯಾಕೆ ಅದ್ದುವುದಿಲ್ಲ ಎಂದು ಕೇಳಿದರೆ, "ನೀರಿಗಿ ರುಚಿ ಎಲ್ಲದರಿ?" ಎನ್ನುತ್ತಾರೆ.

ಮೆರವಣಿಗೆ ಹೊರಡುತ್ತದೆ. ಸಿನಿಮಾ ಹಾಡಲ್ಲ, ಹೆಂಗಸರು ಬೀಸುವ ಕಲ್ಲಿನ ಮುಂದೆ ಹೇಳಿಕೊಳ್ಳುವಂಥ ಒಂದು ಧಾಟಿ. ಮೊದಲ ಸುತ್ತು ಹಾಡು ಇದ್ದ ಹಾಗೇ ಬರುತ್ತದೆ. ಎರಡನೆಯ ಸುತ್ತಿಗೆ ಕ್ಲಾರಿನೆಟ್ಟು ಹಾದಿ ಬಿಟ್ಟು ಹೊಲಕ್ಕೆ ಇಳಿಯುತ್ತದೆ, ಬದುವಿನ ಮೇಲೆ ಓಡುತ್ತದೆ, ಇನ್ನೇನು ಕಳೆದೇ ಹೋಯಿತು ಎನ್ನುವಾಗ ಮತ್ತೆ ಹಾದಿಗೆ ಬರುತ್ತದೆ. ಓಣಿಯ ನಾಯಿಗಳು ಕೂಡ ಬೊಗಳುವುದು ಬಿಟ್ಟಿವೆ. ಹಾಡಿನ ಕಡೆಯ ಸಾಲು ಬರುತ್ತಲೇ ಕರೀಮಸಾಬರು ಕ್ಲಾರಿನೆಟ್ಟನ್ನು ಬಾಯಿಯಿಂದ ತೆಗೆದು ಎದೆಗೆ ಒತ್ತಿಕೊಳ್ಳುತ್ತಾರೆ. ತುತ್ತೂರಿಗಳು ಕೆಳಗಿಳಿಯುತ್ತವೆ. ಡೋಲು ನಿಲ್ಲುತ್ತದೆ. ಹಿಂದಿನ ಸಾಲಿನಲ್ಲಿ ಹುಲೆಪ್ಪನ ಕೈಯ ಕಂಚಿನ ಝಾಂಜು ಮಾತ್ರ ಛುಂ ಛುಂ ಎಂದು ತಾಳ ಹಿಡಿದಿರುತ್ತದೆ.

"ಏ, ಯಾಕ ನಿಂತ್ರಿ? ಬಾರಸ್ರಿ!" ಎಂದು ಬೀಗರ ಕಡೆಯ ಹೊಸಬನೊಬ್ಬ ಕೂಗುತ್ತಾನೆ.

"ಬಾಯಿ ಮುಚ್ಚಲೇ ತಮ್ಮಾ. ಈಗ ನಮ್ಮ ಪಾಳಿ" ಎಂದು ಗಡಿಗೆ ಹೊತ್ತ ಮುದುಕಿಯೊಬ್ಬಳು ಗದರಿಸುತ್ತಾಳೆ. ಅಷ್ಟೂ ಹೆಂಗಸರು ಒಟ್ಟಿಗೆ ದನಿ ಎತ್ತುತ್ತಾರೆ:

"ಹೊಳಿದಂಡಿ ಮಣ್ಣೂರ ಸುಂದರಿ ಅಂದಾಳ, ತಿಳಿದವರು ತಿಳಕೋರೆವ್ವ!"

ಆ ಸಾಲು ಮುಗಿದ ಮೇಲೆಯೇ ಕ್ಲಾರಿನೆಟ್ಟು ಮತ್ತೆ ತುಟಿಗೆ ಏರುತ್ತದೆ. ಕರೀಮಸಾಬರ ಮುಖದಲ್ಲಿ ಊಟ ಮಾಡಿ ಕೈ ತೊಳೆದವರ ಸಮಾಧಾನ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳಲ್ಲಿ ಕರೀಮಸಾಬರ ಬ್ಯಾಂಡು ಊದದ ಊರು ಹುಡುಕಬೇಕೆಂದರೆ ದೀಪ ಹಿಡಿದು ಹೊರಡಬೇಕು. ಹಂಗಾಮಿಗೆ ಅರವತ್ತು ಮದುವೆ. ಒಂದೊಂದು ಮದುವೆಗೆ ನಾಲ್ಕು ಮೆರವಣಿಗೆ. ಬಿಸಿಲಲ್ಲಿ ಹಿಮ್ಮುಖವಾಗಿ ನಡೆಯುತ್ತ ಊದುವುದೂ ಇದೆ, ಯಾಕೆಂದರೆ ಬ್ಯಾಂಡಿನವರು ಮದುಮಗನಿಗೆ ಬೆನ್ನು ತೋರಿಸಿದರೆ ಕೆಲವು ಊರಲ್ಲಿ ಬೀಗರಿಗೆ ಸಿಟ್ಟು ಬರುತ್ತದೆ. ಹಾಗೆ ಹಿಮ್ಮುಖ ನಡೆದು ಎರಡು ಸಲ ಚರಂಡಿಗೆ ಬಿದ್ದಿದ್ದಾರೆ, ಒಂದು ಸಲ ಎಮ್ಮೆಯ ಮೇಲೆ. ಮುಂದಿನ ಹಲ್ಲು ಎರಡು ಅಲುಗಾಡುತ್ತಿವೆ. ಕ್ಲಾರಿನೆಟ್ಟಿನವನಿಗೆ ಹಲ್ಲೆಂದರೆ ಒಕ್ಕಲಿಗನಿಗೆ ಎತ್ತು ಇದ್ದ ಹಾಗೆ. "ಈ ಎರಡು ಹಲ್ಲು ಇರೋತನಕ ನಾ ಮಾಸ್ತರ. ಬಿದ್ದ ದಿನ ನಾ ಬರೇ ಕರೀಮ" ಎಂದು ಅವರೇ ನಗುತ್ತಾರೆ.

ಈ ಬ್ಯಾಂಡನ್ನು ಜನ ಕರೆಸುವುದು ಊದುವ ಚಂದಕ್ಕೆ ಮಾತ್ರವಲ್ಲ, ಸುಮ್ಮನಾಗುವ ಚಂದಕ್ಕೂ ಹೌದು. ಹಾಗೆ ಸುಮ್ಮನಾಗುವುದನ್ನು ಕಲಿಯಲು ಈ ಮನುಷ್ಯನಿಗೆ ಹತ್ತು ವರ್ಷ ಹಿಡಿಯಿತು, ಅದೂ ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ಕರೀಮಸಾಬರ ಅಪ್ಪ ಆಳಂದದಲ್ಲಿ ಶಹನಾಯಿ ಊದುತ್ತಿದ್ದವರು. ಮಗ 1971ರಲ್ಲಿ ಸೋಲಾಪುರಕ್ಕೆ ಹೋಗಿ ಒಂದು ಬ್ಯಾಂಡ್ ಕಂಪನಿ ಸೇರಿದರು. ಅಲ್ಲಿ ಸಿಕ್ಕವರು ಗೋವೆಯ ಲೋಬೋ ಮಾಸ್ತರು. ಅವರು ಒಂದು ಕಾಲಕ್ಕೆ ಮುಂಬಯಿಯ ಹೋಟೆಲುಗಳಲ್ಲಿ ಜಾಜ್ ಸಂಗೀತ ನುಡಿಸುತ್ತಿದ್ದ ತುತ್ತೂರಿಗಾರ. ಹೋಟೆಲುಗಳಲ್ಲಿ ಆ ಸಂಗೀತ ನಿಂತು ಹೊಟ್ಟೆ ತುಂಬದೆ ಮದುವೆ ಬ್ಯಾಂಡಿಗೆ ಬಂದಿದ್ದರು. ಸಿಟ್ಟಿನ ಮನುಷ್ಯ, ಆದರೆ ಕಲಿಸಲು ಕುಳಿತರೆ ತಾಯಿ. ಆರು ವರ್ಷ ಅವರ ಕೈಕೆಳಗೆ ಕರೀಮಸಾಬರು ಪಳಗಿದರು.

"ಲೋಬೋ ಮಾಸ್ತರು ಒಂದೇ ಮಾತು ಹೇಳ್ತಿದ್ರರಿ. ಪಹಿಲೇ ಸುತ್ತು ಹಾಡು ಹ್ಯಾಂಗದ ಹಾಂಗ ಬಾರಿಸು, ಅದು ಕೊಟ್ಟವರಿಗಿ ಸಲಾಮು. ಎರಡನೇ ಸುತ್ತಿಗಿ ಮನಿ ಬಿಟ್ಟು ಹೊರಗ ಬೀಳು, ಎಲ್ಲಿ ಬೇಕಲ್ಲಿ ತಿರುಗು. ಆದ್ರ ಊಟದ ಹೊತ್ತಿಗಿ ಮನೀಗಿ ಬಾ. ಜಾಜ್ ಅಂದ್ರ ಇಷ್ಟೇ ನೋಡ್ ಕರೀಮ, ಅಂತ." ಈ ಮಾತು ಹೇಳುವಾಗ ಕರೀಮಸಾಬರು ಇವತ್ತಿಗೂ ಎರಡೂ ಕಿವಿ ಮುಟ್ಟಿಕೊಳ್ಳುತ್ತಾರೆ.

ಊರಿಗೆ ಮರಳಿ ಸ್ವಂತ ಬ್ಯಾಂಡು ಕಟ್ಟಿದ ಮರುವರ್ಷ, 1978ರಲ್ಲಿ, ಭೀಮಾ ದಂಡೆಯ ಮಣ್ಣೂರಿನಲ್ಲಿ ಒಂದು ಮದುವೆ. ಮುಗಿಸಿಕೊಂಡು ಹೊರಟರೆ ಬಸ್ಸು ಇಲ್ಲ. ಬಾಜಾ ಬಗಲಲ್ಲಿಟ್ಟುಕೊಂಡು ಒಂಬತ್ತೂ ಮಂದಿ ಬೇವಿನ ಮರದ ಕೆಳಗೆ ಕುಳಿತರು. ಎದುರಿನ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಕೂಡಿದ್ದರು. ನಡುವೆ ಏಕತಾರಿ ಹಿಡಿದು ಕುಳಿತವರು ಸುಂದರಬಾಯಿ. ನಲವತ್ತೆಂಟರ ಆಸುಪಾಸು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸೆರಗು ತಲೆಯ ಮೇಲೆ. ಗಂಡನ ಮನೆಯವರು ಒಕ್ಕಲುತನದವರು. ಅಕ್ಷರ ಬಾರದ ಈ ಹೆಣ್ಣುಮಗಳು ರೊಟ್ಟಿ ಬಡಿಯುತ್ತ, ಕಳೆ ತೆಗೆಯುತ್ತ, ಶರಣರ ಹಾದಿಯ ಪದಗಳನ್ನು ತಾವೇ ಕಟ್ಟಿ ತಾವೇ ಧಾಟಿ ಹಾಕುತ್ತಿದ್ದರು. ಕರೀಮಸಾಬರು ಅವತ್ತು ಕೇಳಿದ ಮೊದಲ ಪದ ಇದು:

"ತವರಿನ ಹಾದ್ಯಾಗ ತಗ್ಗ ಬಿದ್ದರ ಏನ, ನಡದ ಕಾಲಿಗಿ ಗುರುತೈತೆವ್ವ."

ಆ ಅಂಗಳದಲ್ಲಿ ಒಂದು ಪದ್ಧತಿ ಇತ್ತು. ಪದ ಕಟ್ಟಿದವರ ಹೆಸರು ಕಡೆಯ ಸಾಲಿನಲ್ಲಿ ಬರುವುದು ಎಲ್ಲ ಕಡೆ ಇದ್ದದ್ದೇ, ಅದಕ್ಕೆ ಅಂಕಿತ ಎನ್ನುತ್ತಾರೆ. ಆದರೆ ಸುಂದರಬಾಯಿ ತಮ್ಮ ಅಂಕಿತವನ್ನು ತಾವು ಎಂದೂ ಹಾಡುತ್ತಿರಲಿಲ್ಲ. ಅಲ್ಲಿಯತನಕ ಹಾಡಿ, ಏಕತಾರಿಯನ್ನು ನೆಲಕ್ಕಿಟ್ಟು, ಕೈ ಜೋಡಿಸಿ, ತಲೆ ಬಾಗಿಸಿ ಕುಳಿತುಬಿಡುತ್ತಿದ್ದರು. ಸುತ್ತ ಕುಳಿತವರು ಆ ಸಾಲನ್ನು ಹಾಡಬೇಕು. ಅವರು ಹಾಡಿದರೆ ಪದ ಮುಗಿಯಿತು. ಹಾಡದಿದ್ದರೆ ಪದ ಅವರಿಗೆ ಸೇರಲಿಲ್ಲ ಎಂದು ಅರ್ಥ, ಎದ್ದು ಹೋಗಬಹುದು.

ಯಾಕೆ ಹೀಗೆ ಎಂದು ಕರೀಮಸಾಬರು ಅವತ್ತೇ ಕೇಳಿದರು. "ನನ್ನ ಹೆಸರು ನಾ ಹೇಳ್ಕೊಂಡ್ರ ಅದು ಡಂಗುರ ಆಗ್ತದಣ್ಣ. ನಾಕು ಮಂದಿ ಕೊಟ್ರ ಅದು ಹೆಸರು" ಎಂದರಂತೆ ಸುಂದರಬಾಯಿ. ಕರೀಮಸಾಬರು ತಲೆದೂಗಿದರು. ತಲೆದೂಗಿದ್ದೇನೋ ಖರೆ, ತಲೆಯೊಳಗೆ ಇಳಿದಿರಲಿಲ್ಲ.

ಆ ಧಾಟಿಗಳನ್ನು ಮಾತ್ರ ಚೆನ್ನಾಗಿ ಇಳಿಸಿಕೊಂಡರು. ಬಸ್ಸು ಬರುವ ಹೊತ್ತಿಗೆ ಮೂರು ಪದ ಕ್ಲಾರಿನೆಟ್ಟಿಗೆ ಬಂದಿದ್ದವು. ಸುಂದರಬಾಯಿ ಸಂತೋಷದಿಂದ, "ಒಯ್ಯಣ್ಣ, ಕಾಲಿಲ್ಲದ ಪದಕ್ಕ ನಿನ್ನ ಬಾಜಾ ಬಂಡಿ ಆಗಲಿ" ಎಂದು ಕಳಿಸಿಕೊಟ್ಟರು. ಆಮೇಲೆ ಹಂಗಾಮು ಮುಗಿದಾಗಲೆಲ್ಲ ಮಣ್ಣೂರಿಗೆ ಹೋಗಿ ಒಂದೋ ಎರಡೋ ಹೊಸ ಪದ ತರುವುದು ರೂಢಿಯಾಯಿತು. ನೋಡನೋಡುತ್ತ ಮೂರೂ ತಾಲೂಕಿನ ಮದುವೆಗಳಲ್ಲಿ ಆ ಧಾಟಿ ಇಲ್ಲದೆ ಮದುಮಗಳು ಹೊಸ್ತಿಲು ದಾಟುವುದಿಲ್ಲ ಎನ್ನುವಂತಾಯಿತು. ಜನ ಅದಕ್ಕೊಂದು ಹೆಸರನ್ನೂ ಇಟ್ಟರು: ಕರೀಮಸಾಬನ ಧಾಟಿ.

"ಮಂದಿ ಹಂಗ ಅಂದಾಗ ಒಳಗ ಖುಷಿ ಆಗ್ತಿತ್ತರಿ. ಸುಳ್ಳ ಯಾಕ ಹೇಳಲಿ? ನಂದಲ್ಲ ಅಂತ ಒಂದೆರಡು ಸಲ ಅಂದೆ. ಆಮ್ಯಾಲ ಅನ್ನೋದು ಬಿಟ್ಟೆ" ಎನ್ನುತ್ತಾರೆ ಕರೀಮಸಾಬರು.

1985ರಲ್ಲಿ ಸುಂದರಬಾಯಿಯ ಗಂಟಲಿಗೆ ಗಡ್ಡೆಯಾಯಿತು. ಸೋಲಾಪುರದಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಗಂಟಲಲ್ಲಿ ಉಳಿದದ್ದು ಗಾಳಿ ಅಷ್ಟೇ. ಕಿವಿ ಹತ್ತಿರ ಒಯ್ದರೆ ಒಂದೆರಡು ಮಾತು ತಿಳಿಯುತ್ತಿತ್ತು. ಅಂಗಳದಲ್ಲಿ ಕೂಡುವುದು ನಿಂತಿತು. ಏಕತಾರಿ ಗೂಟಕ್ಕೆ ಏರಿತು.

ಅದಾಗಿ ಎರಡು ವರ್ಷಕ್ಕೆ ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಕರೀಮಸಾಬರ ಕಿವಿಗೆ ಸುಂದರಬಾಯಿಯ ದನಿ ಬಿತ್ತು. ದನಿ ಹೋದವರ ದನಿ! ಓಡಿ ಹೋಗಿ ನೋಡಿದರೆ ಕ್ಯಾಸೆಟ್ ಅಂಗಡಿ. ಹಿಂದೊಮ್ಮೆ ಯಾರೋ ಪೇಟೆಯವರು ಟೇಪ್ ರೆಕಾರ್ಡರ್ ಹೊತ್ತು ಮಣ್ಣೂರಿಗೆ ಬಂದಿದ್ದರು. ಗದ್ದಲ ಆಗಬಾರದೆಂದು ಹೆಂಗಸರನ್ನೆಲ್ಲ ಹೊರಗೆ ಕಳಿಸಿ, ಸುಂದರಬಾಯಿಯನ್ನು ಒಬ್ಬರನ್ನೇ ಕೋಣೆಯಲ್ಲಿ ಕೂರಿಸಿ ಹಾಡಿಸಿಕೊಂಡಿದ್ದರು. ಆಕೆ ಪದ್ಧತಿಯಂತೆ ಕಡೆಯ ಸಾಲಿಗೆ ಕೈ ಜೋಡಿಸಿ ಸುಮ್ಮನಾಗಿದ್ದಾರೆ. ಹಾಡಿಕೊಡಲು ಕೋಣೆಯಲ್ಲಿ ಯಾರಿದ್ದರು, ಗೋಡೆಯೇ? ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು: "ಜಾನಪದ. ಕರ್ತೃ ತಿಳಿದಿಲ್ಲ."

ಕರೀಮಸಾಬರಿಗೆ ಮೈಯೆಲ್ಲ ಉರಿದುಹೋಯಿತು. "ತಿಳಿದಿಲ್ಲ ಅಂದ್ರ ಹ್ಯಾಂಗ? ಮಣ್ಣೂರಾಗ ಹೋಗಿ ಕೇಳ್ರಿ, ಕೂಸು ಹೇಳ್ತದ!" ಎಂದು ಅಂಗಡಿಯವನ ಮೇಲೆ ಹರಿಹಾಯ್ದರು. ಅವನು ಕಕ್ಕಾಬಿಕ್ಕಿಯಾಗಿ, "ಹೌದಲ್ರಿ ಮಾಸ್ತರ? ಇದು ನಿಮ್ಮ ಧಾಟಿ ಅಂತೇ ನಾ ತರಿಸೇನಿ. ಎಲ್ಲಾರೂ ಕರೀಮಸಾಬನ ಧಾಟಿ ಅಂತಾರಲ್ರಿ!" ಎಂದುಬಿಟ್ಟ.

ಪೇಟೆಯವರು ತಿಳಿಯದೆ ಮಾಡಿದ್ದನ್ನು ತಾನು ಒಂಬತ್ತು ವರ್ಷ ತಿಳಿದೂ ಮಾಡಿದ್ದೆ ಎಂದು ಅವರಿಗೆ ಅವತ್ತು ಹೊಳೆಯಿತು. ಆಳಂದದ ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ. ಮನೆಗೆ ಹೋಗಿ ಹೆಂಡತಿ ಪ್ಯಾರಿಬಿಗೆ ಹೇಳಿದ ಮಾತು ಒಂದೇ: "ಆಕಿ ಇರೋದ್ರಾಗ ಆಕಿ ಪದಕ್ಕ ಆಕಿ ಹೆಸರು ತಿರುಗಿ ಕೊಡಬೇಕು. ಇಲ್ಲಂದ್ರ ನಾ ಊದಿದ್ದೆಲ್ಲಾ ಹರಾಮ."

ಹೀಗೆ ಕ್ಯಾಸೆಟ್ಟಿನ ಕೆಲಸ ಶುರುವಾಯಿತು. ಸುಂದರಬಾಯಿಗೆ ಕಾಣಿಕೆಯಾಗಿ ಅವರ ಎಂಟು ಪದಗಳು, ಮಾತಿಲ್ಲದೆ, ಬ್ಯಾಂಡಿನಲ್ಲಿ, ಲೋಬೋ ಮಾಸ್ತರು ಕಲಿಸಿದ ಜಾಜ್ ರೀತಿಯಲ್ಲಿ. ನರೋಣಾದ ಶಾಲೆಯ ಮಾಸ್ತರು ದೌಲತರಾಯರ ಹತ್ತಿರ ಒಳ್ಳೆಯ ಟೇಪ್ ರೆಕಾರ್ಡರ್ ಇತ್ತು. ಶಾಲೆಗೆ ರಜೆ ಇದ್ದ ಭಾನುವಾರಗಳಲ್ಲಿ, ನಾಲ್ಕನೆಯ ಇಯತ್ತೆಯ ಕೋಣೆಯಲ್ಲಿ, ಕಿಟಕಿಗೆ ಕೌದಿ ಕಟ್ಟಿ ನುಡಿಸಿದರು. ಮೂರನೆಯ ಹಾಡಿನ ನಡುವೆ ನರೋಣಾ ಬಸ್ಸಿನ ಹಾರ್ನು ಬಂತು. ಕ್ಲಾರಿನೆಟ್ಟು ಆ ಸುರವನ್ನೇ ಹಿಡಿದು ಮುಂದಕ್ಕೆ ಒಯ್ಯಿತು. "ಡ್ರೈವರಣ್ಣ ಬರೋಬ್ಬರಿ ಸುರಕ್ಕ ಹಾಕ್ಯಾನ, ಇರ್ಲಿ ಬಿಡ್ರಿ" ಎಂದು ಹುಲೆಪ್ಪ ತೀರ್ಪು ಕೊಟ್ಟರು. ಇರಲಿ ಬಿಟ್ಟರು.

ಮೂರು ಭಾನುವಾರಕ್ಕೆ ಎಂಟೂ ಹಾಡು ಮುಗಿದವು. ದೌಲತರಾಯರು ಐವತ್ತು ಪ್ರತಿ ಮಾಡಿದರು. ಉಮೇದಿನಲ್ಲಿ ಕರೀಮಸಾಬರು ಅವನ್ನು ಚಹಾದ ಅಂಗಡಿ, ಹೇರ್ ಕಟಿಂಗ್ ಸಲೂನು, ಬಸ್ಸಿನ ಡ್ರೈವರು, ಹಿಂದೆ ಬ್ಯಾಂಡು ಹೇಳಿದ ಮನೆಗಳು ಎಂದು ಹಂಚಿಯೂಬಿಟ್ಟರು. ಆಮೇಲೆ ಮೂಲ ಕ್ಯಾಸೆಟ್ಟು ಮತ್ತು ಟೇಪ್ ರೆಕಾರ್ಡರು ಹಿಡಿದು, ಪ್ಯಾರಿಬಿಯನ್ನೂ ಹುಲೆಪ್ಪನನ್ನೂ ಕರೆದುಕೊಂಡು ಮಣ್ಣೂರಿಗೆ ಹೋದರು.

ಅಂಗಳದಲ್ಲಿ ಹೆಂಗಸರು ಬಹಳ ದಿನಕ್ಕೆ ಕೂಡಿದರು. ಸುಂದರಬಾಯಿ ಬೆನ್ನಿಗೆ ಕೌದಿ ಕೊಟ್ಟು ಕುಳಿತು ಎಂಟೂ ಹಾಡು ಕೇಳಿದರು. ಕಣ್ಣು ಒದ್ದೆಯಾಗಿದ್ದವು. ಮುಗಿದ ಮೇಲೆ ಕರೀಮಸಾಬರ ತಲೆಯ ಮೇಲೆ ಕೈಯಿಟ್ಟರು. ಊಟಕ್ಕೆ ಹೋಳಿಗೆ ಮಾಡಿಸಿದರು. ಒಂದು ಕೊಂಕು ಮಾತಿಲ್ಲ, ಒಂದು ಕೊಂಕು ನೋಟವಿಲ್ಲ. ಕರೀಮಸಾಬರು ಭಾರ ಇಳಿಸಿದವರಂತೆ ಮರಳುವ ಬಸ್ಸು ಹತ್ತಿ, ಸೀಟು ಸಿಕ್ಕ ಕೂಡಲೇ ಕಣ್ಣು ಮುಚ್ಚಿದರು.

"ಆಕಿ ಕೈ ನೋಡಿದ್ರೇನು?" ಎಂದರು ಪಕ್ಕದಲ್ಲಿದ್ದ ಪ್ಯಾರಿಬಿ.

"ಯಾಕ? ಏನಾಗ್ಯದ ಕೈಗಿ?"

"ಎಂಟು ಹಾಡಿಗಿ ಎಂಟು ಸಲ ಕೈ ಜೋಡಿಸಿದ್ಳು. ಕಡೀ ಸಾಲು ಬರ್ತದಂತ. ಎಂಟು ಸಲ ನಿಮ್ಮ ಪೀಪಿ ಕುಣದಾಡಿ ಕುಣದಾಡಿ ಮುಗೀತು. ಎಂಟು ಸಲ ಕೈ ಹಂಗೇ ಉಡ್ಯಾಗ ಇಳಿಸಿದ್ಳು."

ಕರೀಮಸಾಬರ ನಿದ್ದೆ ಹಾರಿಹೋಯಿತು. ನೆನಪು ಮಾಡಿಕೊಂಡರು. ಹೌದು, ಪ್ರತಿಯೊಂದು ಹಾಡಿನಲ್ಲೂ ಅಂಕಿತ ಬರಬೇಕಾದ ಕಡೆಯ ಸುತ್ತನ್ನು ತಮ್ಮ ಕೈಚಳಕಕ್ಕೆ ಇಟ್ಟುಕೊಂಡಿದ್ದರು. ಬ್ಯಾಂಡಿನ ರಿವಾಜೇ ಅದು. ಕಡೆಯ ಸುತ್ತು ಮಾಸ್ತರನದು, ಚಪ್ಪಾಳೆ ಬೀಳುವುದು ಅಲ್ಲಿಯೇ. "ಆಕಿ ಹೆಸರು ಕೂಡೋ ಜಾಗಾದಾಗ ನಾ ಹೋಗಿ ಚಕ್ಕಳಮಕ್ಕಳ ಹಾಕಿ ಕುಂತಿದ್ದೆರಿ. ಕಾಣಿಕಿ ಅಂತ ಒಯ್ದು, ಇದ್ದದ್ದೂ ಕಸಗೊಂಡು ಬಂದೆ" ಎಂದು ಹೇಳುವಾಗ ಐದು ವರ್ಷದ ಮೇಲೂ ಅವರ ದನಿ ತಗ್ಗುತ್ತದೆ.

ಮರುದಿನದಿಂದ ಐವತ್ತು ಕ್ಯಾಸೆಟ್ಟು ಮರಳಿ ತರುವ ಕೆಲಸ. ಕೊಟ್ಟ ಉಡುಗೊರೆ ಹಿಂದಕ್ಕೆ ಕೇಳುವುದೆಂದರೆ ಸಣ್ಣ ಮಾತೇ? ಮಂದಿ ನಕ್ಕರು, ಮುನಿಸಿಕೊಂಡರು. ಜೇವರ್ಗಿಯ ಸಲೂನಿನವನು, "ಗಿರಾಕಿ ಇದಕ್ಕೇ ಬಂದು ಕುಂದರ್ತಾರ, ಕೊಡೂದಿಲ್ಲ" ಎಂದು ಹಟ ಹಿಡಿದ. ಅವನ ತಂಗಿಯ ಮದುವೆಗೆ ಬಂದು ಊದಿಕೊಡುತ್ತೇನೆಂದು ಮಾತು ಕೊಟ್ಟು ಬಿಡಿಸಿಕೊಂಡರು. ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಬಂಡಿ ಹೊಡೆಯುವವನೊಬ್ಬ ಕ್ಯಾಸೆಟ್ಟನ್ನು ಸಾಲಿನಲ್ಲಿದ್ದ ಇನ್ನೊಬ್ಬನಿಗೆ ಕೊಟ್ಟಿದ್ದ, ಅವನು ಮತ್ತೊಬ್ಬನಿಗೆ. ನೂರು ಬಂಡಿಯ ಸಾಲಿನಲ್ಲಿ ಎತ್ತುಗಳ ನಡುವೆ ತೂರಿ ಹುಡುಕಿ ತಂದರು. ಒಂದೂವರೆ ತಿಂಗಳಲ್ಲಿ ನಲವತ್ತಾರು ಸಿಕ್ಕವು. ಉಳಿದ ನಾಲ್ಕರಲ್ಲಿ ಎರಡು ಮುಂಬಯಿಗೆ ದುಡಿಯಲು ಹೋದವರ ಜೊತೆ ಹೋಗಿದ್ದವು, ಒಂದನ್ನು ಟೇಪ್ ರೆಕಾರ್ಡರೇ ನುಂಗಿತ್ತು, ಒಂದನ್ನು ಆಡು ತಿಂದಿತ್ತು. "ಆ ಆಡು ಆಮ್ಯಾಲ ಸುರದಾಗ ಒದರಾಕ ಹತ್ತಿತ್ತಂತ" ಎನ್ನುವ ಹುಲೆಪ್ಪನ ಮಾತನ್ನು ಎಷ್ಟು ನಂಬಬೇಕೋ ಓದುಗರಿಗೆ ಬಿಟ್ಟದ್ದು.

ಇನ್ನು ಅಂಕಿತ ಸೇರಿಸುವುದು ಹೇಗೆ? ಪೆಟ್ಟಿಗೆಯ ಮೇಲೆ ಹೆಸರು ಬರೆಯೋಣ ಎಂದರು ದೌಲತರಾಯರು. ಮದುವೆಯ ಮೆರವಣಿಗೆಯಲ್ಲಿ ಪೆಟ್ಟಿಗೆ ಓದುವವರು ಯಾರು? ಯಾರಾದರೂ ಗಾಯಕರನ್ನು ಕರೆಸಿ ಆ ಒಂದು ಸಾಲು ಹಾಡಿಸೋಣ ಎಂದರು ಹುಲೆಪ್ಪ. ಹಾಗಾದರೆ ಕೊಟ್ಟವರು ಒಬ್ಬರೇ ಆದರು, ನಾಕು ಮಂದಿ ಎಲ್ಲಿ? ಕರೀಮಸಾಬರು ಆ ಸಾಲನ್ನು ಕ್ಲಾರಿನೆಟ್ಟಿನಲ್ಲೇ ನೂರು ರೀತಿ ಊದಿ ನೋಡಿದರು. ಕ್ಲಾರಿನೆಟ್ಟು ಅಳುತ್ತದೆ, ನಗುತ್ತದೆ, ಮದುಮಗಳನ್ನು ತವರಿಂದ ಕಳಿಸಿಯೂ ಕೊಡುತ್ತದೆ. ಆದರೆ ಒಬ್ಬರ ಹೆಸರು ಹಿಡಿದು ಕರೆ ಎಂದರೆ ಅದರ ಕೈಲಾಗುವುದಿಲ್ಲ.

ಆಗ ಮತ್ತೆ ಪ್ಯಾರಿಬಿಯೇ ಒಲೆಯ ಮುಂದಿನಿಂದ ಹೇಳಿದರು: "ಆಕಿ ಏನ್ ಮಾಡ್ತಿದ್ಳು? ಸುಮ್ಮ ಕೂಡ್ತಿದ್ಳು. ನೀವೂ ಸುಮ್ಮ ಕೂಡ್ರಿ."

ಹೇಳುವುದು ಸುಲಭ. ಹತ್ತು ವರ್ಷ ಚಪ್ಪಾಳೆ ತಿಂದ ತುಟಿಗೆ ಅದೇ ಜಾಗದಲ್ಲಿ ಸುಮ್ಮನಿರು ಎಂದರೆ ಕೇಳುತ್ತದೆಯೇ? ನರೋಣಾದ ಕೋಣೆಯಲ್ಲಿ ಮತ್ತೆ ನುಡಿಸಲು ಕುಳಿತಾಗ ನಾಲ್ಕು ಸಲ ಕೆಡಿಸಿದರು. ಕಡೆಯ ಸಾಲು ಬಂದೊಡನೆ ಉಸಿರು ತಾನೇ ನುಗ್ಗಿ ಒಂದು ಸಣ್ಣ ಕೊಸರು ಹೊರಬೀಳುತ್ತಿತ್ತು. ಐದನೆಯ ಸಲಕ್ಕೆ ಕ್ಲಾರಿನೆಟ್ಟನ್ನು ಬಾಯಿಯಿಂದ ತೆಗೆದು ಎದೆಗೆ ಒತ್ತಿ ಹಿಡಿದುಕೊಂಡರು. ಇವತ್ತು ಓಣಿಯಲ್ಲಿ ಮಾಡುತ್ತಾರಲ್ಲ, ಆ ಭಂಗಿ ಹುಟ್ಟಿದ್ದು ಅಲ್ಲಿ. ಝಾಂಜು ಮಾತ್ರ ತಾಳ ಹಿಡಿದು ನಡೆಯಿತು, ಬರುವವರಿಗೆ ಬಾಗಿಲು ತೆರೆದಿಟ್ಟ ಹಾಗೆ.

1988ರ ಚಳಿಗಾಲದ ಒಂದು ಮುಂಜಾನೆ ಹೊಸ ಕ್ಯಾಸೆಟ್ಟು ಮಣ್ಣೂರಿನ ಅಂಗಳಕ್ಕೆ ಬಂತು. ಈ ಸಲ ಯಾರಿಗೂ ಹಂಚಿರಲಿಲ್ಲ. ಸುಂದರಬಾಯಿ ಇನ್ನಷ್ಟು ಸೊರಗಿದ್ದರು. ಹೆಂಗಸರು ಸುತ್ತ ಕುಳಿತರು. ಮೊದಲ ಹಾಡು, ತವರಿನ ಹಾದಿಯದು. ಕಡೆಯ ಸಾಲಿಗೆ ಬ್ಯಾಂಡು ನಿಂತಿತು. ಛುಂ ಛುಂ ಎಂದು ಝಾಂಜು. ಸುಂದರಬಾಯಿಯ ಎರಡೂ ಕೈ ಮೇಲೆ ಬಂದು ಜೋಡಿಯಾದವು. ಹೆಂಗಸರು ಮಿಕಿಮಿಕಿ ನೋಡಿದರು. ಟೇಪು ಕೆಟ್ಟಿತು ಎಂದುಕೊಂಡು ಒಬ್ಬಳು ಎದ್ದು ಟೇಪ್ ರೆಕಾರ್ಡರಿಗೆ ಎರಡು ಏಟು ಹಾಕಿದಳು. ಖಾಲಿ ಜಾಗ ಹಾಗೆಯೇ ಕಳೆದುಹೋಗಿ, ಜೋಡಿಸಿದ ಕೈ ಒಂಬತ್ತನೆಯ ಸಲ ಉಡಿಗೆ ಇಳಿಯಿತು.

ಕರೀಮಸಾಬರಿಗೆ ಹಾಡ್ರವ್ವ ಎಂದು ಹೇಳೋಣವೆಂದರೆ ಹೇಳುವಂತಿಲ್ಲ. ಹೇಳಿಸಿ ಹಾಡಿಸಿದರೆ ಅದು ಕೊಟ್ಟ ಹೆಸರಲ್ಲ, ಬೇಡಿದ ಹೆಸರು.

ಎರಡನೆಯ ಹಾಡು ಮುಗಿಯುತ್ತ ಬಂತು. ಬ್ಯಾಂಡು ನಿಂತಿತು. ಛುಂ ಛುಂ. ಬಾಗಿಲ ಹತ್ತಿರ, ಸೆರಗು ಹೊದ್ದು ಗೋಡೆಗೆ ಅಂಟಿ ಕುಳಿತಿದ್ದ ಪ್ಯಾರಿಬಿ ಬಾಯಿ ತೆರೆದರು. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಗಂಡನೂ ಆಕೆಯ ಹಾಡು ಕೇಳಿರಲಿಲ್ಲ. ಒಡಕು ದನಿ, ಸುರಕ್ಕೆ ಅರ್ಧ ಗೇಣು ಕೆಳಗೆ. "ಹೊಳಿದಂಡಿ ಮಣ್ಣೂರ..." ಅಷ್ಟು ಸಾಕಾಯಿತು. ಅಯ್ಯ, ಹೌದಲ್ಲ, ನಮ್ಮ ಸಾಲು ಎಂದು ಇಡೀ ಅಂಗಳ ಎದ್ದುಬಿದ್ದು ಹಿಡಿದುಕೊಂಡಿತು:

"ಸುಂದರಿ ಅಂದಾಳ, ತಿಳಿದವರು ತಿಳಕೋರೆವ್ವ!"

ಮುಂದಿನ ಆರೂ ಹಾಡಿಗೆ ಯಾರೂ ಯಾರನ್ನೂ ಕಾಯಲಿಲ್ಲ. ಬಳಿಕ ಮೊದಲ ಹಾಡನ್ನು ಮತ್ತೊಮ್ಮೆ ಹಾಕಿಸಿ ಅದರ ಬಾಕಿಯನ್ನೂ ತೀರಿಸಿದರು. ಸುಂದರಬಾಯಿ ಜೋಡಿಸಿದ ಕೈಯನ್ನು ಹಣೆಗೆ ಮುಟ್ಟಿಸಿ ಕಣ್ಣು ಮುಚ್ಚಿ ಕುಳಿತಿದ್ದರು. ಕಡೆಗೆ ಕರೀಮಸಾಬರನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಅಂದರು. ಎಲ್ಲರೂ ಏನು ಏನು ಎಂದು ಮೇಲೆ ಬಿದ್ದರು. "ಕರೀಮಣ್ಣ, ನಿನ್ನ ಬಾಜಾ ಸುಮ್ಮಿದ್ದಾಗೇ ಭಾಳ ಚಂದ ಬಾರಸ್ತದ, ಅಂದ್ಳ್ರಿ" ಎಂದು ಕರೀಮಸಾಬರು ನಗುತ್ತ ಹೇಳಿದರೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ ಸುಂದರಬಾಯಿ ಎದ್ದರು. ಒಳಗೆ ಹೋಗಿ ಗೂಟದ ಮೇಲಿನ ಏಕತಾರಿ ತಂದು ಪ್ಯಾರಿಬಿಯ ಉಡಿಯಲ್ಲಿಟ್ಟರು. ಅದು ಇವತ್ತು ಆಳಂದದ ಆ ಎರಡು ಕೋಣೆಯ ಮನೆಯಲ್ಲಿ, ಕ್ಲಾರಿನೆಟ್ಟಿನ ಪೆಟ್ಟಿಗೆಯ ಪಕ್ಕದ ಗೂಟದಲ್ಲಿದೆ. ಪ್ಯಾರಿಬಿಗೆ ನುಡಿಸಲು ಬಾರದು. ಪ್ರತಿ ಶುಕ್ರವಾರ ಧೂಳು ಒರೆಸುತ್ತಾರೆ.

ಸುಂದರಬಾಯಿ 1990ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಕ್ಯಾಸೆಟ್ಟು ಮೂರು ತಾಲೂಕು ಸುತ್ತಿತ್ತು. ಮೊದಮೊದಲು ಮೆರವಣಿಗೆಗಳಲ್ಲಿ ಬ್ಯಾಂಡು ನಿಂತರೆ ಜನ ಬೈಯುತ್ತಿದ್ದರು, ದುಡ್ಡು ಕೊಟ್ಟು ಸುಮ್ಮನಿರಲು ಕರೆಸಿದ್ದೇವೆಯೇ ಎಂದು ಜಗಳಕ್ಕೆ ಬರುತ್ತಿದ್ದರು. ಕರೀಮಸಾಬರು ಬಾಯಿ ಬಿಡುತ್ತಿರಲಿಲ್ಲ, ಎದೆಗೆ ಕ್ಲಾರಿನೆಟ್ಟು ಒತ್ತಿ ನಿಲ್ಲುತ್ತಿದ್ದರು. ಎಲ್ಲೋ ಒಬ್ಬ ಮಣ್ಣೂರಿನ ಸೊಸೆ, ಎಲ್ಲೋ ಒಬ್ಬ ಅಫಜಲಪುರದ ಅತ್ತೆ ಆ ಸಾಲು ಎತ್ತಿಕೊಡುತ್ತಿದ್ದಳು. ನಾಲ್ಕು ವರ್ಷಕ್ಕೆ ಅದು ಎಲ್ಲರ ಬಾಯಿಗೆ ಬಂದಿದೆ. ಜೇವರ್ಗಿಯ ಕ್ಯಾಸೆಟ್ ಅಂಗಡಿಯವನು ಈಗ ತಾನಾಗಿಯೇ ಪೇಟೆಯ ಆ ಹಳೆಯ ಪೆಟ್ಟಿಗೆಗಳ ಮೇಲೆ ನೀಲಿ ಪೆನ್ನಿನಲ್ಲಿ "ತಿಳಿದಿಲ್ಲ" ಎಂಬುದನ್ನು ಹೊಡೆದು ಹೆಸರು ಬರೆದು ಮಾರುತ್ತಾನೆ.

ಬಿಸಿಲೇರಿದೆ. ಗಡಿಗೆಗಳು ಮದುವೆ ಮನೆ ಮುಟ್ಟಿವೆ. ಕರೀಮಸಾಬರು ಪತ್ತಿಯನ್ನು ಬಿಚ್ಚಿ, ಒರೆಸಿ, ಕರವಸ್ತ್ರದಲ್ಲಿ ಸುತ್ತುತ್ತಾರೆ. "ಲೋಬೋ ಮಾಸ್ತರು ನನಗ ಊದೋದು ಕಲಿಸಿದ್ರು. ಸುಂದರಬಾಯಿ ಊದಾಕ ಪದ ಕೊಟ್ಳು. ಎಲ್ಲಿ ನಿಂದರಬೇಕು ಅಂತ ನಮ್ಮ ಪ್ಯಾರಿಬಿ ಹೇಳಿದ್ಳು. ಇದ್ರಾಗ ನಂದೇನದರಿ? ಉಸಿರು. ಅದೂ ಮ್ಯಾಲಿನವನದು."

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬರುತ್ತದೆ, ಏನಾದರೂ ಆಸೆ ಇದೆಯೇ ಎಂದು ಕೇಳಿದಾಗ ಕರವಸ್ತ್ರದ ಗಂಟನ್ನು ಜೇಬಿಗೆ ಇಳಿಸುತ್ತಾರೆ. ಹೊಸ ಕೋಟು ಎನ್ನಬಹುದು, ಹಲ್ಲು ಕಟ್ಟಿಸಬೇಕು ಎನ್ನಬಹುದು ಎಂದು ಕಾಯ್ದರೆ, ಅವರು ಕೇಳುವುದೇ ಬೇರೆ.

"ನನ್ನ ಬಗ್ಗೆ ಎಷ್ಟರೆ ಬರೀರಿ. ಮ್ಯಾಲ ಬರೀರಿ, ನಡುವ ಬರೀರಿ. ಕಡೀ ಸಾಲು ಮಾತ್ರ ನನಗ ಬ್ಯಾಡ್ರಿ. ಅದು ಯಾರದಂತ ನಿಮಗ ಗೊತ್ತದ. ನಾ ಹೇಳೂದಿಲ್ಲ, ನೀವೇ ಹೇಳಬೇಕು." ಹೀಗೆಂದು ಕ್ಲಾರಿನೆಟ್ಟನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಲ್ಲುತ್ತಾರೆ.

ಹೊಳೆದಂಡೆಯ ಮಣ್ಣೂರಿನ ಸುಂದರಬಾಯಿ.